ಹೆಡ್ ಸರಿಯಾಗಿ ಹೊಂದುತ್ತದೆ, ಆದರೆ ಕೆ ಮತ್ತು ರೀಚಾರ್ಜ್ ಪ್ರತಿ ಸಲ ಬೇರೆ ಬರುತ್ತವೆ: ಪ್ರತಿಕ್ರಿಯೆ

ನಿಮ್ಮ ಅಂತರ್ಜಲ ಮಾದರಿಯಲ್ಲಿ ಹೆಡ್ (ಬಾವಿಗಳ ನೀರಿನ ಮಟ್ಟ) ಅಳತೆಗೆ ಹೊಂದುತ್ತದೆ, ಆದರೆ ವಾಹಕತೆ (ಕೆ, ಅಂದರೆ ನೆಲದೊಳಗೆ ನೀರು ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದು) ಮತ್ತು ರೀಚಾರ್ಜ್ (ಅಂತರ್ಜಲಕ್ಕೆ ಇಂಗುವ ನೀರು) ಪ್ರತಿ ಸಲ ಬೇರೆ ಬರುತ್ತವೆ, ಯಾಕೆ ಅಂತ ಕೇಳಿದ್ದೀರಿ. ಸ್ಥಿರ ಸ್ಥಿತಿಯ (ಕಾಲಕ್ಕೆ ತಕ್ಕಂತೆ ಬದಲಾಗದ) ಮಾದರಿಗೆ ಬಾವಿಗಳ ನೀರಿನ ಮಟ್ಟ ಮಾತ್ರ ಕೊಟ್ಟು, ಕೆ ಮತ್ತು ರೀಚಾರ್ಜ್ ಎರಡನ್ನೂ ಒಟ್ಟಿಗೆ ಹುಡುಕುತ್ತಿರುವುದೇ ಬಹುಶಃ ಕಾರಣ. ಎರಡನ್ನೂ ದುಪ್ಪಟ್ಟು ಮಾಡಿ ಓಡಿಸಿ ನೋಡಿ. ಮಟ್ಟಗಳು ಕದಲದಿದ್ದರೆ ನಿಮ್ಮ ಅಳತೆಗಳು ಹೇಳುತ್ತಿರುವುದು ಅವುಗಳ ಅನುಪಾತ ಮಾತ್ರ ಅಂತ ಅರ್ಥ. ಆಗ ಹುಡುಕಾಟಕ್ಕೆ ಕೊಟ್ಟ ಕೆ, ರೀಚಾರ್ಜ್‌ಗಳ ಆರಂಭದ ಬೆಲೆ ಬದಲಾದರೆ ಉತ್ತರವೂ ಬದಲಾಗುತ್ತದೆ, ಅಲ್ವಾ? ಮಾದರಿಯಲ್ಲಿ ಪಂಪಿಂಗ್ ಇದ್ದರೆ ಅಥವಾ ಗಡಿಯಲ್ಲಿ ಇಷ್ಟೇ ಹರಿವು ಅಂತ ಕೊಟ್ಟಿದ್ದರೆ ಮಟ್ಟಗಳು ಸ್ವಲ್ಪ ಕದಲಬಹುದು. ನೀವು ಅದನ್ನು ಬರೆದಿಲ್ಲ, ಹಾಗಾಗಿ ಪೂರ್ತಿ ಖಚಿತವಾಗಿ ಹೇಳಲಾರೆ.

ಮೊದಲು ಹರಿವಿನ ಅಳತೆ ಒಂದಾದರೂ ಸೇರಿಸಿ. ಬೇಸಿಗೆಯಲ್ಲಿ ಹೊಳೆಗೆ ಒಸರುವ ನೀರು ಅಥವಾ ಬುಗ್ಗೆಯ ಹರಿವು ಸಾಕು. ನೂರು ಬಾವಿಗಳ ಮಟ್ಟಕ್ಕಿಂತ ಈ ಒಂದು ಸಂಖ್ಯೆ ಇಲ್ಲಿ ಜಾಸ್ತಿ ಕೆಲಸ ಮಾಡುತ್ತದೆ. ಅದಕ್ಕೆ ತೂಕ (ಹೊಂದಾಣಿಕೆಯ ಲೆಕ್ಕದಲ್ಲಿ ಮಹತ್ವ) ಸರಿಯಾಗಿ ಕೊಡಿ, ಇಲ್ಲದಿದ್ದರೆ ಬಾವಿಗಳ ಗುಂಪಿನಲ್ಲಿ ಅದು ಮುಳುಗಿಹೋಗುತ್ತದೆ. ಅಂಥ ಅಳತೆ ಇಲ್ಲವೇ? ನೀರಿನ ಲೆಕ್ಕಾಚಾರದಿಂದ ರೀಚಾರ್ಜ್ ನಿಗದಿ ಮಾಡಿ, ಕೆ ಒಂದನ್ನೇ ಹುಡುಕಿ.

ಆಮೇಲೆ ಕೆ ಅನ್ನು ಲಾಗ್ (ಲಾಗರಿದಮ್) ರೂಪಕ್ಕೆ ತನ್ನಿ. ಪೈಲಟ್ ಪಾಯಿಂಟ್‌ಗಳು (ನಕ್ಷೆಯಲ್ಲಿ ಕೆ ಬೆಲೆ ಹುಡುಕುವ ಬಿಂದುಗಳು) ಜಾಸ್ತಿ ಇದ್ದರೆ ಟಿಖೊನೊವ್ ರೆಗ್ಯುಲರೈಸೇಷನ್ (ಬೆಲೆಗಳು ಅನಗತ್ಯವಾಗಿ ಏರಿಳಿಯದಂತೆ ತಡೆಯುವ ವಿಧಾನ) ಹಾಕಿ. ಅಳತೆಯ ದೋಷ 0.5 ಮೀಟರ್ ಇದ್ದರೆ ಹೊಂದಾಣಿಕೆಯನ್ನೂ ಸುಮಾರು ಅಲ್ಲಿಗೇ ನಿಲ್ಲಿಸಿ. ಅದಕ್ಕಿಂತ ಕೆಳಗೆ ಎಳೆದರೆ ಕೆ ನಕ್ಷೆಯಲ್ಲಿ ಸುಮ್ನೆ ಗುಳ್ಳೆಗಳು ಏಳುತ್ತವೆ.

ಇಷ್ಟಾದ ಮೇಲೂ ಉತ್ತರ ಅಲುಗಾಡಿದರೆ ಸಾಲ್ವರ್‌ನ (ಸಮೀಕರಣ ಬಿಡಿಸುವ ಭಾಗ) ಹೆಡ್ ಮಿತಿಯನ್ನು, ಅಂದರೆ ಲೆಕ್ಕ ನಿಲ್ಲಿಸಲು ಒಪ್ಪುವ ವ್ಯತ್ಯಾಸವನ್ನು, 0.00001 ಮೀಟರ್‌ಗೆ ಬಿಗಿ ಮಾಡಿ, ಜಾಕೋಬಿಯನ್ (ಪ್ರತಿ ಬೆಲೆ ಬದಲಾದರೆ ಫಲಿತಾಂಶ ಎಷ್ಟು ಬದಲಾಗುತ್ತದೆ ಅನ್ನುವ ಪಟ್ಟಿ) ಅನ್ನು ಹೊಸದಾಗಿ ಲೆಕ್ಕ ಹಾಕಿಸಿ.