ಎಕ್ಸ್‌ಟಿಂಕ್ಷನ್‌ಗೆ ನನ್ನ ಇಂಗ್ಲಿಷ್-ಕನ್ನಡ ಪದಪಟ್ಟಿಯಲ್ಲಿ ಎಲ್ಲ ವಿಜ್ಞಾನಗಳಲ್ಲೂ ‘ಅಳಿವು’ ಎಂದೇ ಬರೆಯಬಹುದೇ?

ಬೇಡ. ಹಾಗೆ ಬರೆದುಕೊಂಡೇ ಒಂದು ವರ್ಷ ಕಳೆದುಕೊಂಡವನು ನಾನು.

ಕೋಲಾರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಭೂವಿಜ್ಞಾನ. ಅಲ್ಲಿಯವರೆಗೆ ಕಲಿತದ್ದೆಲ್ಲ ಕನ್ನಡ ಮಾಧ್ಯಮವಾದ್ದರಿಂದ ಇಂಗ್ಲಿಷ್ ಪದಗಳ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಕನ್ನಡ ಅರ್ಥ ಬರೆಯುವ ಅಭ್ಯಾಸ. ಎಕ್ಸ್‌ಟಿಂಕ್ಷನ್ ಎದುರು ‘ಅಳಿವು’ ಎಂದು ಬರೆದೆ. ಭೂಮಿಯಿಂದಲೇ ಅಳಿದುಹೋದ ಡೋಡೋ ಹಕ್ಕಿಯ ಪಾಠ ನೆನಪಿತ್ತು, ಇನ್ನೇನು ಬೇಕು?

ಪ್ರಾಯೋಗಿಕ ಪರೀಕ್ಷೆಗೆ ಗ್ರಾನೈಟಿನ ತೆಳು ಪದರ ಅಂಟಿಸಿದ ಸ್ಲೈಡ್ ಬಂತು. ಸೂಕ್ಷ್ಮದರ್ಶಕದಲ್ಲಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರೈಸರ್‌ಗಳನ್ನು ಪರಸ್ಪರ ಅಡ್ಡಲಾಗಿಟ್ಟು ನೋಡಿದಾಗ ನಡುವೆ ಒಂದು ಹರಳು ಕಪ್ಪಗಿತ್ತು. ಹರಳು ಹೀಗೆ ಕಪ್ಪಾಗುವುದಕ್ಕೂ ಭೂವಿಜ್ಞಾನದಲ್ಲಿ ಎಕ್ಸ್‌ಟಿಂಕ್ಷನ್ ಎಂದೇ ಹೆಸರು. ಬೆಳಕು ಹೋಯಿತು ಎಂದರೆ ಹೋಯಿತು ಎಂದುಕೊಂಡು ‘ಅಪಾರದರ್ಶಕ ಖನಿಜ’, ಅಂದರೆ ಬೆಳಕನ್ನೇ ಬಿಡದ ಖನಿಜ, ಎಂದು ಬರೆದೆ. ಅದು ಬರೀ ಬೆಣಚುಕಲ್ಲು! ಸ್ಲೈಡ್ ಇಡುವ ದುಂಡು ತಟ್ಟೆಯನ್ನು, ಅಂದರೆ ಸ್ಟೇಜನ್ನು, ಬೆರಳಿನಿಂದ ತುಸು ತಿರುಗಿಸಿದ್ದರೆ ಬೆಳಗುತ್ತಿತ್ತು. ಪೂರ್ತಿ ಒಂದು ಸುತ್ತಿನಲ್ಲಿ ನಾಲ್ಕು ಬಾರಿ, ತೊಂಬತ್ತು ಡಿಗ್ರಿಗೊಮ್ಮೆ, ಕಪ್ಪಾಗಿ ಮತ್ತೆ ಬೆಳಗುತ್ತಿತ್ತು. ಅದೂ ಬೇಡ, ಮೇಲಿನ ಪೋಲರೈಸರನ್ನು ಹೊರಗೆಳೆದಿದ್ದರೂ ಸಾಕಿತ್ತು: ನಿಜವಾದ ಅಪಾರದರ್ಶಕ ಖನಿಜ ಆಗಲೂ ಕಪ್ಪಗೇ ಇರುತ್ತದೆ, ಬೆಣಚು ಗಾಜಿನಂತೆ ತಿಳಿಯಾಗುತ್ತದೆ. ಎರಡನ್ನೂ ನಾನು ಮಾಡಲಿಲ್ಲ. ಅಳಿದದ್ದನ್ನು ತಿರುಗಿಸಿ ನೋಡುವುದೇನು? ಮೌಖಿಕ ಪರೀಕ್ಷೆಯಲ್ಲೂ ಅದನ್ನೇ ಸಮರ್ಥಿಸಿಕೊಂಡೆ. ಪರೀಕ್ಷಕರು ಏನೂ ಹೇಳದೆ ಸ್ಟೇಜ್ ತಿರುಗಿಸಿ ‘ಈಗ ನೋಡಪ್ಪ’ ಎಂದರು. ನಪಾಸಾದೆ.

ಆ ಪದದ ಲ್ಯಾಟಿನ್ ಮೂಲದಲ್ಲಿರುವುದು ಬೆಂಕಿ ನಂದಿಸುವ ಅರ್ಥ ಎಂದು ತಿಳಿದದ್ದು ಆಮೇಲೆ. ನಂದಿದ ದೀಪವನ್ನು ಮತ್ತೆ ಹಚ್ಚಬಹುದು. (ನಮ್ಮಜ್ಜಿ ‘ದೀಪ ಆರಿಸು’ ಎನ್ನುತ್ತಲೇ ಇರಲಿಲ್ಲ, ‘ದೊಡ್ಡದು ಮಾಡು’ ಎನ್ನುತ್ತಿದ್ದರು.)

ಹಾಗಾಗಿ ಒಂದೇ ಪದ ಹುಡುಕುವ ನಿಮ್ಮ ಹಟವೇ ತಪ್ಪು ಎನ್ನುತ್ತೇನೆ. ನಂದಿಬೆಟ್ಟದಲ್ಲಿ ಜನ ಮುಗಿಬಿದ್ದು ನೋಡುವ ಮಂಕಾದ ಕೆಂಪು ಸೂರ್ಯನೂ ಖಗೋಳದವರ ಎಕ್ಸ್‌ಟಿಂಕ್ಷನ್ನೇ. ದಪ್ಪ ಗಾಳಿಯ ಪದರ ನೀಲಿಯನ್ನು ಹೆಚ್ಚು ಚದುರಿಸಿಬಿಡುತ್ತದೆ. ನಕ್ಷತ್ರಗಳ ನಡುವಿನ ಧೂಳೂ ಹೀಗೇ ಬೆಳಕನ್ನು ಕುಂದಿಸುತ್ತದೆಂದು 1930ರಲ್ಲಿ ಖಗೋಳವಿಜ್ಞಾನಿ ಟ್ರಂಪ್ಲರ್ ತೋರಿಸಿದರು. ಅಲ್ಲಿ ‘ಮಂಕಾಗುವಿಕೆ’ ಎನ್ನಿ, ನಕ್ಷತ್ರಕ್ಕೆ ಏನೂ ಆಗಿರುವುದಿಲ್ಲ. ಮನೋವಿಜ್ಞಾನದಲ್ಲಂತೂ ‘ಅಳಿವು’ ಅಪಾಯಕಾರಿ. ಶಬ್ದ ಕೇಳಿದರೆ ಆಹಾರ ಬರುತ್ತದೆಂದು ರಷ್ಯದ ವಿಜ್ಞಾನಿ ಪಾವ್ಲೋವ್ ನಾಯಿಗೆ ಕಲಿಸಿದ್ದರು. ಆಮೇಲೆ ಶಬ್ದ ಮಾಡಿಯೂ ಆಹಾರ ಕೊಡದೇ ಹೋದಂತೆ ಅದರ ಜೊಲ್ಲು ನಿಂತಿತು, ನಿಜ; ಅಲ್ಲಿ ಎಕ್ಸ್‌ಟಿಂಕ್ಷನ್ ಎನ್ನುವುದು ಇದಕ್ಕೇ. ಕೆಲ ಹೊತ್ತು ಬಿಟ್ಟು ಅದೇ ಶಬ್ದ ಮಾಡಿದಾಗ ಮತ್ತೆ ಸುರಿಯಿತು. ಕಲಿತದ್ದು ಅಳಿದಿರಲಿಲ್ಲ, ಅಡಗಿತ್ತು.

‘ಅಳಿವು’ ಜೀವವಿಜ್ಞಾನಕ್ಕೆ ಇರಲಿ. ಅಲ್ಲೂ ಎಲ್ಲಿ ಎಂದು ಸೇರಿಸಿ: ಚೀತಾ ಅಳಿದಿದೆ ಎಂದು 1952ರಲ್ಲಿ ಘೋಷಿಸಿದ್ದು ಭಾರತದಲ್ಲಿ, ಆಫ್ರಿಕಾದಲ್ಲಿ ಉಳಿದಿದ್ದರಿಂದಲೇ 2022ರಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ತರಲಾಯಿತು. ಡೋಡೋವನ್ನು ತರುವುದು ಎಲ್ಲಿಂದ?

ನಿಮ್ಮ ಪಟ್ಟಿಯಲ್ಲಿ ರಸಾಯನಶಾಸ್ತ್ರದ ಎಕ್ಸ್‌ಟಿಂಕ್ಷನ್ ಗುಣಾಂಕ (ವಸ್ತುವೊಂದು ಬೆಳಕನ್ನು ಎಷ್ಟು ಹೀರುತ್ತದೆಂಬ ಅಳತೆ) ಇದ್ದರೆ ‘ಹೀರಿಕೆ’ ಎಂದು ತಿದ್ದಿಕೊಳ್ಳಿ. ಪೆನ್ಸಿಲ್ಲಿನಲ್ಲೇ ಬರೆಯಿರಿ.