ಲಂಕೆಗೆ ಯಾವಾಗ ಹೋಗೋದು?

ಪ್ರಶ್ನೆ: ಮೇಡಂ, ಬೇಸಿಗೆ ರಜೆಯಲ್ಲಿ ಎಂಟು ದಿನ ಶ್ರೀಲಂಕಾಕ್ಕೆ ಹೋಗಬೇಕು ಅಂತಿದ್ದೇವೆ. ಒಂಬತ್ತು ವರ್ಷದ ಮಗಳಿಗೆ ಸಮುದ್ರದಲ್ಲಿ ಆಡುವ ಆಸೆ, ಅರವತ್ತೆಂಟರ ಅಮ್ಮನಿಗೆ ದೇವಸ್ಥಾನ ನೋಡುವ ಆಸೆ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಸಮಯ ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಮಗೆ ಬಿಡುವಾಗೋದು ಏಪ್ರಿಲ್ ಕೊನೆಗೆ. ಏಜೆಂಟರು "ಆಫ್ ಸೀಸನ್, ಬೆಂಟೋಟದಲ್ಲಿ ಬೀಚ್ ಪಕ್ಕದ ರೂಮು ಅರ್ಧ ರೇಟಿಗೆ ಕೊಡಿಸ್ತೀನಿ" ಅಂತಿದ್ದಾರೆ. ಹೋಗಬಹುದಾ, ಮುಂದಿನ ವರ್ಷಕ್ಕೆ ಹಾಕೋಣವಾ?

ಉತ್ತರ: ಹೋಗಿ. ಬೆಂಟೋಟಕ್ಕೆ ಮಾತ್ರ ಬೇಡ.

ಅರ್ಧ ರೇಟಿನ ರೂಮಿನ ಸುಖ ನಾನು ಉಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಜೂನ್‌ನಲ್ಲಿ ನಾನೂ ನಮ್ಮೆಜಮಾನರೂ ಬೆಂಟೋಟದ ಹಾಗೇ ನೈಋತ್ಯ ದಂಡೆಯಲ್ಲಿರುವ ಹಿಕ್ಕಡುವದಲ್ಲಿ ನಾಲ್ಕು ರಾತ್ರಿಗೆ ಬುಕ್ ಮಾಡಿದ್ದೆವು. ಕಿಟಕಿ ತೆಗೆದರೆ ಸಮುದ್ರ, ಅದೇನೂ ಸುಳ್ಳಲ್ಲ. ಆದರೆ ಕಿಟಕಿ ತೆಗೆಯುವ ಹಾಗೇ ಇರಲಿಲ್ಲ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ದಂಡೆಯಲ್ಲಿ ಕೆಂಪು ಬಾವುಟ. ನೀರೆಲ್ಲ ಕದಡಿ ಮಣ್ಣಿನ ಬಣ್ಣ. ಮೊದಲ ದಿನ ಹಿಂಡಿ ಹಾಕಿದ ಟವೆಲು ಮೂರನೇ ದಿನಕ್ಕೆ ಮುಗ್ಗಲು ವಾಸನೆ ಹಿಡಿಯಿತು. ಚಹಾ ತಂದ ಹುಡುಗ ನಮ್ಮ ಮುಖ ನೋಡಿ, "ಇಲ್ಲಿ ಸುಮ್ನೆ ಯಾಕೆ ಕೂತಿದ್ದೀರಿ? ಟ್ರಿಂಕೋಗೆ ಹೋಗಿ" ಅಂದ. ಟ್ರಿಂಕೋ ಅಂದರೆ ಪೂರ್ವ ದಂಡೆಯ ಟ್ರಿಂಕೋಮಲಿ.

ನಾಲ್ಕನೇ ರಾತ್ರಿಯ ದುಡ್ಡು ಬಿಟ್ಟು ಬೆಳಗ್ಗೆಯೇ ವ್ಯಾನ್ ಹತ್ತಿದೆವು. (ರೂಮು ಅರ್ಧ ರೇಟು, ವ್ಯಾನು ಪೂರ್ತಿ ರೇಟು. ಆ ಲೆಕ್ಕ ನಮ್ಮೆಜಮಾನರು ಇವತ್ತಿಗೂ ಮರೆತಿಲ್ಲ.) ಕುರುನೇಗಲದವರೆಗೆ ವೈಪರ್ ಓಡುತ್ತಲೇ ಇತ್ತು. ದಂಬುಲ್ಲ ಬರುವಷ್ಟರಲ್ಲಿ ರಸ್ತೆ ಒಣಗಿತ್ತು. ಹಬರಣ ದಾಟುವಾಗ ಡ್ರೈವರ್ ತಂಪು ಕನ್ನಡಕ ತೆಗೆದು ಹಾಕಿಕೊಂಡ. ಸಂಜೆ ಟ್ರಿಂಕೋಮಲಿಯ ಪಕ್ಕದ ನಿಲಾವೇಲಿಗೆ ಬಂದರೆ ಸಮುದ್ರ ಕೆರೆಯ ಹಾಗೆ ಮಲಗಿದೆ. ಆ ಟವೆಲನ್ನು ಬಾಲ್ಕನಿಯ ಕಂಬಿಗೆ ಹಾಕಿದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಪ್ಪಳದ ಹಾಗೆ ಗರಿಗರಿ.

ಒಂದೇ ದ್ವೀಪದಲ್ಲಿ ಎರಡು ಥರದ ಹವೆ ಯಾಕೆ? ನಡುವಿನ ಬೆಟ್ಟದಿಂದ. ಲಂಕೆ ತೀರಾ ದೊಡ್ಡದಲ್ಲ. ಉದ್ದ ಸುಮಾರು 430 ಕಿ.ಮೀ., ಅಗಲ ಸುಮಾರು 225 ಕಿ.ಮೀ. ಆದರೆ ಬೆಟ್ಟ ಮಾತ್ರ 2,524 ಮೀಟರ್‌ವರೆಗೆ ಎದ್ದು ನಿಂತಿದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ನೈಋತ್ಯದಿಂದ ಬಂದು ಈಚೆ ಮಗ್ಗುಲಲ್ಲೇ ನೀರು ಸುರಿದುಬಿಡುತ್ತದೆ. ಬೆಟ್ಟ ಹತ್ತಿ ಆಚೆ ಇಳಿಯೋದು ಬರೀ ಗಾಳಿ. ಘಟ್ಟದ ಮೇಲೆ ಜಡಿಮಳೆ ಇರುವಾಗ ಬಯಲುಸೀಮೆಯಲ್ಲಿ ಧೂಳು ಏಳುತ್ತಲ್ವಾ, ಅದೇ ಕಥೆ. ಆ ಒಣ ಬಿಸಿಗಾಳಿಗೆ ಪೂರ್ವದ ತಮಿಳರು 'ಕಚ್ಚಾನ್' ಅಂತಾರೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಿಂಗಾರು ಈಶಾನ್ಯದಿಂದ ಬರುತ್ತದೆ, ಆಗ ನೆನೆಯುವ ಸರದಿ ಪೂರ್ವದ್ದು. ಅಲ್ಲಿನ ಚಹಾ ತೋಟದವರೂ ಇದೇ ಲೆಕ್ಕದಲ್ಲಿ ಬದುಕುತ್ತಾರೆ. ಪಶ್ಚಿಮ ಮಗ್ಗುಲಿನ ದಿಂಬುಲದ ಚಹಾಕ್ಕೆ ಒಳ್ಳೆಯ ಘಮ ಬರೋದು ಜನವರಿಯಿಂದ ಮಾರ್ಚ್‌ವರೆಗೆ. ಪೂರ್ವ ಮಗ್ಗುಲಿನ ಊವದ ಚಹಾಕ್ಕೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ.

ನಿಮಗೆ ಎಲ್ಲರೂ ಹೇಳಿದ ಡಿಸೆಂಬರ್-ಮಾರ್ಚ್ ಇದೆಯಲ್ಲ, ಅದು ಬೆಂಟೋಟ, ಗಾಲೆ, ಮಿರಿಸ್ಸಾ ಕಡೆಯ ಸೀಸನ್ನು. ಟ್ರಿಂಕೋಮಲಿ, ಪಾಸಿಕುಡಾ ಕಡೆ ಸಮುದ್ರ ಹದಕ್ಕೆ ಬರೋದೇ ಏಪ್ರಿಲ್‌ನಲ್ಲಿ. ನಿಮ್ಮ ರಜೆಗೆ ಅದು ಸರಿಯಾಗಿ ಕೂರುತ್ತದೆ.

ದಿನಾಂಕ ಮಾತ್ರ ನೋಡಿ ಆರಿಸಿ. ಏಪ್ರಿಲ್ 13, 14 ಸಿಂಹಳರಿಗೂ ತಮಿಳರಿಗೂ ಹೊಸ ವರ್ಷ. ಊರಿಗೆ ಹೋಗುವವರಿಂದ ಬಸ್ಸು, ರೈಲು ಭರ್ತಿ. ಚಿಕ್ಕ ಅಂಗಡಿಗಳು ಹಬ್ಬ ಮುಗಿದ ಮೇಲೂ ಬೇಗ ತೆಗೆಯೋದಿಲ್ಲ. ನುವಾರ ಎಲಿಯಾದಲ್ಲಂತೂ ಏಪ್ರಿಲ್ ಅಂದರೆ ಕುದುರೆ ರೇಸು, ಹೂವಿನ ಪ್ರದರ್ಶನ. ರೂಮಿನ ರೇಟು ಕೇಳಲೇಬೇಡಿ. 22, 23ರ ಹೊತ್ತಿಗೆ ಇದೆಲ್ಲ ತಣ್ಣಗಾಗುತ್ತದೆ. ಮೇ ಮೊದಲ ವಾರ ಮುಗಿಯುವಷ್ಟರಲ್ಲಿ ವಾಪಸ್ ಬನ್ನಿ. 2003, 2016, 2017, ಈ ಮೂರೂ ವರ್ಷ ನೈಋತ್ಯ ಜಿಲ್ಲೆಗಳಲ್ಲಿ ದೊಡ್ಡ ನೆರೆ, ಭೂಕುಸಿತ ಆಗಿದ್ದು ಮೇ ತಿಂಗಳಲ್ಲೇ. ನೀವಿರೋದು ಪೂರ್ವದಲ್ಲಾದರೂ ವಿಮಾನ ಇಳಿಯೋದು, ಹತ್ತೋದು ಪಶ್ಚಿಮದಲ್ಲಿ ತಾನೇ?

ಎಂಟು ದಿನದಲ್ಲಿ ಎರಡು ರಾತ್ರಿ ಕ್ಯಾಂಡಿಗೆ ಕೊಡಿ, ಉಳಿದದ್ದು ಪೂರ್ವಕ್ಕೆ. ಕ್ಯಾಂಡಿಯಲ್ಲಿ ಆ ಹೊತ್ತಿಗೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರೋದು ಜಾಸ್ತಿ. ತಿರುಗಾಟ ಬೆಳಗ್ಗೆಯೇ ಮುಗಿಸಿ. ಟ್ರಿಂಕೋಮಲಿಯಲ್ಲಿ ನಿಮ್ಮಮ್ಮನಿಗೆ ಕೋಣೇಶ್ವರ ದೇವಸ್ಥಾನ ಇದೆ, ಸಮುದ್ರಕ್ಕೆ ಚಾಚಿದ ಬಂಡೆಯ ತುದಿಯಲ್ಲಿ. ಸಂಜೆ ಕರೆದುಕೊಂಡು ಹೋಗಿ. ಹಗಲಲ್ಲಿ ಬರಿಗಾಲಿಗೆ ಆ ನೆಲ ಸುಡುತ್ತದೆ, ನನಗೆ ಗೊತ್ತು. ಊರಾಚೆ ಕನ್ನಿಯಾದಲ್ಲಿ ಬಿಸಿನೀರಿನ ಏಳು ಪುಟ್ಟ ಬಾವಿಗಳಿವೆ. ಮಗಳಿಗೆ ನಿಲಾವೇಲಿಯಿಂದ ದೋಣಿಯಲ್ಲಿ ಪಿಜನ್ ಐಲ್ಯಾಂಡ್. ಹವಳದ ನಡುವೆ ಮೀನು ನೋಡಬಹುದು. ಬೆನ್ನು ಸುಟ್ಟುಕೊಳ್ಳದ ಹಾಗೆ ತುಂಬುತೋಳಿನ ಅಂಗಿ ಹಾಕಿಸಿ. ಹನ್ನೊಂದು ಗಂಟೆಯ ಮೇಲೆ ಎಲ್ಲರೂ ಫ್ಯಾನಿನ ಕೆಳಗೆ.

ಏಜೆಂಟರಿಗೆ "ಟ್ರಿಂಕೋದಲ್ಲಿ ಏನು ರೇಟು?" ಅಂತ ಕೇಳಿ. ಅರ್ಧ ಅನ್ನೋದಿಲ್ಲ.

ಪ್ರಶ್ನೆ: ಜುಲೈನಲ್ಲಿ ಮಿರಿಸ್ಸಾಕ್ಕೆ ಹೋದರೆ ನೀಲಿ ತಿಮಿಂಗಿಲ ಕಾಣುತ್ತಾ?

ಉತ್ತರ: ಅಲ್ಲಿ ತಿಮಿಂಗಿಲದ ಸೀಸನ್ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಜುಲೈನಲ್ಲಿ ನಿಮಗೆ ಕಾಣೋದು ಅಲೆ ಮತ್ತು ನಿಮ್ಮದೇ ವಾಂತಿ. ಆಗ ಟ್ರಿಂಕೋಮಲಿಯಿಂದ ದೋಣಿ ಹೊರಡುತ್ತವೆ, ಅಲ್ಲಿ ಪ್ರಯತ್ನಿಸಿ. ಕಂಡೇ ಕಾಣುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ನನಗೆ ಎರಡು ಸಲ ಹೋದಾಗ ಒಂದು ಸಲ ಬಾಲ ಕಂಡಿತು, ಇನ್ನೊಂದು ಸಲ ಬರೀ ಡಾಲ್ಫಿನ್. ಆಗಸ್ಟ್‌ಗೆ ಮುಂದೆ ಹಾಕಲು ಆದರೆ ದಾರಿಯಲ್ಲೇ ಮಿನ್ನೇರಿಯಾ ಸಿಗುತ್ತದೆ. ಮಹಾಸೇನ ರಾಜ ಮೂರನೇ ಶತಮಾನದಲ್ಲಿ ಕಟ್ಟಿಸಿದ ಕೆರೆ. ಅಲ್ಲಿನ ಒಣ ತಿಂಗಳುಗಳಲ್ಲಿ ನೀರು ಹಿಂದೆ ಸರಿದಾಗ ಅಂಗಳದಲ್ಲಿ ಹಸಿ ಹುಲ್ಲು ಏಳುತ್ತದೆ. ಅದನ್ನು ಮೇಯಲು ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಜಾಸ್ತಿ.

ಪ್ರಶ್ನೆ: ದಸರಾ, ದೀಪಾವಳಿ ರಜೆಯಲ್ಲಿ ಹೋದರೆ?

ಉತ್ತರ: ಸಮುದ್ರಕ್ಕೋಸ್ಕರವಾದರೆ ಬೇಡ. ಅಕ್ಟೋಬರ್, ನವೆಂಬರ್ ಎರಡೂ ಮಾರುತಗಳ ನಡುವಿನ ಕಾಲ. ಆಗ ಈ ದಂಡೆ, ಆ ದಂಡೆ ಅನ್ನುವ ಉಪಾಯ ನಡೆಯೋದಿಲ್ಲ, ಮಳೆ ಎಲ್ಲ ಕಡೆಯೂ ಬರುತ್ತದೆ. ಚಂಡಮಾರುತದ ಭಯವೂ ಉಂಟು. 1978ರ ನವೆಂಬರ್‌ನಲ್ಲಿ ಬಟ್ಟಿಕಲೋವಾ ಕಡೆ ಬಡಿದದ್ದನ್ನು ಪೂರ್ವದ ಹಿರಿಯರು ಇನ್ನೂ ನೆನೆಯುತ್ತಾರೆ.

ಪ್ರಶ್ನೆ: ಆಗಸ್ಟ್‌ನಲ್ಲಿ ಶ್ರೀಪಾದ ಬೆಟ್ಟ ಹತ್ತಬಹುದಾ?

ಉತ್ತರ: ಹತ್ತಬಹುದು, ತಡೆಯುವವರಿಲ್ಲ. ಜೊತೆಗೆ ಬರುವವರೂ ಇಲ್ಲ. ಯಾತ್ರೆ ಡಿಸೆಂಬರ್ ಹುಣ್ಣಿಮೆಗೆ ಶುರುವಾಗಿ ಮೇ ತಿಂಗಳ ವೆಸಾಕ್ ಹುಣ್ಣಿಮೆಗೆ (ನಮ್ಮ ಬುದ್ಧ ಪೂರ್ಣಿಮೆ) ಮುಗಿಯುತ್ತದೆ. ಆ ತಿಂಗಳುಗಳಲ್ಲಿ ಕೆಳಗಿನಿಂದ ಶಿಖರದವರೆಗೆ ಮೆಟ್ಟಿಲುದ್ದಕ್ಕೂ ದೀಪ, ನಡುನಡುವೆ ಚಹಾದಂಗಡಿ, ಅಪರಾತ್ರಿಯಲ್ಲೂ ಹತ್ತುತ್ತಿರುವ ಜನ. ಆಗಸ್ಟ್‌ನಲ್ಲಿ ದೀಪ ಇಲ್ಲ, ಅಂಗಡಿ ಇಲ್ಲ, ಮೆಟ್ಟಿಲ ಮೇಲೆ ಮಳೆನೀರು ಹರಿಯುತ್ತಿರುತ್ತದೆ. ಹೋಗಲೇಬೇಕು ಅಂತಿದ್ದರೆ ಅಲ್ಲಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಟಾರ್ಚಿಗೆ ಎರಡು ಜೊತೆ ಸೆಲ್ ಇಟ್ಟುಕೊಳ್ಳಿ.