ಸಂಪಾದಕರ ಉತ್ತರ: 429,49,67,297 ಅವಿಭಾಜ್ಯವೇ?

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿರುವ ಓದುಗರೊಬ್ಬರ ಪತ್ರದ ಸಾರ: ‘ಚದುರಂಗದ ಮಣೆಯ ಅರ್ಧಕ್ಕೆ, ಅಂದರೆ 32 ಮನೆಗಳಿಗೆ, 1, 2, 4, 8 ಎಂದು ಇಮ್ಮಡಿಸುತ್ತ ಭತ್ತದ ಕಾಳಿಟ್ಟರೆ ಒಟ್ಟು 429,49,67,295 ಕಾಳುಗಳಾಗುತ್ತವೆ. ಇದು 3, 5, 17, 257 ಮತ್ತು 65,537ರ ಗುಣಲಬ್ಧ. ಇದಕ್ಕೆ 2 ಕೂಡಿಸಿ ಬಂದ ಸಂಖ್ಯೆಯನ್ನು 300ರೊಳಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿದೆ. ಪ್ರತಿ ಸಲವೂ ಶೇಷ ಉಳಿಯಿತು. ಇದನ್ನು ಅವಿಭಾಜ್ಯವೆನ್ನಬಹುದೇ?’

ಮಾನ್ಯರೇ,

ಅದು ಅವಿಭಾಜ್ಯವಲ್ಲ, 641 ಮತ್ತು 67,00,417ರ ಗುಣಲಬ್ಧ. ಆದರೆ ತೂಕದ ಚೀಟಿಗಳ ಹಿಂಬದಿಯಲ್ಲಿ 62 ಭಾಗಾಕಾರಗಳನ್ನು ಒಂದೂ ತಪ್ಪಿಲ್ಲದೆ ಮಾಡಿ ಕಳಿಸಿದವರಿಗೆ ಇಷ್ಟೇ ಉತ್ತರ ಸಾಲದು.

3, 5, 17, 257 ಈ ನಾಲ್ಕರ ಎದುರೂ ಶೇಷ 2 ಬಂದುದಕ್ಕೆ ನೀವು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೀರಿ. ಅದು ಆಕಸ್ಮಿಕವಲ್ಲ. ಮೊದಲ ಮೊತ್ತವನ್ನು ಇವು ಪೂರ್ತಿಯಾಗಿ ಭಾಗಿಸುವುದರಿಂದ, ನೀವು ಕೂಡಿಸಿದ 2 ಹಾಗೆಯೇ ಶೇಷವಾಗಿ ಉಳಿಯಿತು. ಸಾವಿರ ಕಾಳಿಗೆ 20 ಗ್ರಾಂ ಎಂದು ಹಿಡಿದರೆ ಆ ಮೊತ್ತ 75 ಕಿಲೋದ ಸುಮಾರು 1,145 ಚೀಲ ಭತ್ತ. ಅದಕ್ಕೆ ಎರಡೇ ಕಾಳು ಸೇರಿದ್ದಕ್ಕೆ ಹಳೆಯ ಭಾಜಕ ಒಂದೂ ಉಳಿಯಲಿಲ್ಲ.

ನಿಮ್ಮ ಊಹೆಯೇ 17ನೆಯ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ ಅವರದೂ ಆಗಿತ್ತು. ನಿಮ್ಮ ಸಂಖ್ಯೆ 2ರ 32ನೆಯ ಘಾತಕ್ಕೆ 1 ಕೂಡಿಸಿದ್ದು. 2ರ 1, 2, 4, 8, 16ನೆಯ ಘಾತಗಳಿಗೆ 1 ಕೂಡಿಸಿದಾಗ ಬರುವ ಐದೂ ಸಂಖ್ಯೆಗಳು ಅವಿಭಾಜ್ಯ. ಅವು ನೀವು ಕಂಡುಕೊಂಡ ಆ ಐದು ಅಪವರ್ತನಗಳೇ. ಮುಂದಿನದೂ ಹಾಗೆಯೇ ಇರಬೇಕೆಂದು ಫರ್ಮಾ ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಆ ನಂಬಿಕೆಯನ್ನು ಸುಳ್ಳಾಗಿಸಿದರು.

300ಕ್ಕೆ ನಿಲ್ಲಿಸಿದರೆ ಅವಿಭಾಜ್ಯವೆಂದು ಸಾಬೀತಾಗದು. ವರ್ಗಮೂಲದವರೆಗೆ, ಅಂದರೆ 65,536ರವರೆಗೆ ಹೋಗಬೇಕು. ಅಲ್ಲಿಯವರೆಗೆ 6,542 ಅವಿಭಾಜ್ಯಗಳಿವೆ. ಅಷ್ಟನ್ನೂ ಕೈಯಿಂದ ಭಾಗಿಸಬೇಕಾಗಿಲ್ಲ ಎಂಬುದೇ ನನಗೆ ಈ ಲೆಕ್ಕದಲ್ಲಿ ಅತ್ಯಂತ ಪ್ರಿಯವಾದ ಸಂಗತಿ. ಯಾವುದೋ ಅವಿಭಾಜ್ಯವು ನಿಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎನ್ನಿ. ಆಗ ಅದರಿಂದ 2ರ 32ನೆಯ ಘಾತವನ್ನು ಭಾಗಿಸಿದರೆ ಒಂದು ಕಡಿಮೆ ಬೀಳುತ್ತದೆ, 64ನೆಯ ಘಾತವನ್ನು ಭಾಗಿಸಿದರೆ ಶೇಷ 1 ಬರುತ್ತದೆ. 64ಕ್ಕಿಂತ ಮೊದಲಿನ ಯಾವ ಘಾತಕ್ಕೂ ಶೇಷ 1 ಬರುವುದಿಲ್ಲ. ಶೇಷ 1 ಬರುವ ಘಾತಗಳೆಲ್ಲ ಅಂಥ ಮೊದಲ ಘಾತದ, ಇಲ್ಲಿ 64ರ, ಗುಣಕಗಳೇ. ಬೆಸ ಅವಿಭಾಜ್ಯದಲ್ಲಿ ಒಂದನ್ನು ಕಳೆದು, 2ರ ಅಷ್ಟನೆಯ ಘಾತವನ್ನು ಅದೇ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 1 ಬಂದೇ ಬರುತ್ತದೆ ಎಂಬುದು ಫರ್ಮಾ ಅವರದೇ ಪ್ರಮೇಯ. ಆದ್ದರಿಂದ ಹೀಗೆ ಒಂದನ್ನು ಕಳೆದು ಬಂದದ್ದು 64ರಿಂದ ಭಾಗವಾಗಲೇಬೇಕು. ಅಂದರೆ ಹುಡುಕಬೇಕಾದ ಭಾಜಕಗಳು 64ರ ಗುಣಕಕ್ಕೆ 1 ಕೂಡಿಸಿದವು ಮಾತ್ರ.

300ರೊಳಗೆ ಅಂಥ ಅವಿಭಾಜ್ಯಗಳು 193 ಮತ್ತು 257 ಎರಡೇ. ಎರಡನ್ನೂ ನೀವು ನೋಡಿದ್ದೀರಿ. ಆಮೇಲೆ 449, 577, 641. ನೀವು ನಿಲ್ಲಿಸಿದ ಜಾಗದಿಂದ ಮೂರನೆಯ ಭಾಗಾಕಾರದಲ್ಲಿ ಉತ್ತರವಿತ್ತು.

ಇನ್ನು 67,00,417. ಇದರ ಭಾಜಕಗಳಿಗೂ ಅದೇ ಕಟ್ಟಳೆ. ವರ್ಗಮೂಲ 2,589ರೊಳಗೆ ಇರುವುದರಿಂದ, 641ಕ್ಕಿಂತ ಮೊದಲು ನೋಡಿ ಬಿಟ್ಟವನ್ನು ಹೊರತುಪಡಿಸಿ, 641, 769, 1153, 1217, 1409, 1601, 2113 ಈ ಏಳನ್ನು ನೋಡಿದರೆ ಸಾಕು. ಯಾವುದೂ ಭಾಗಿಸುವುದಿಲ್ಲ, ಅದು ಅವಿಭಾಜ್ಯವೇ. ಆದರೂ ಆ ಏಳನ್ನು ಒಂದು ಚೀಟಿಯ ಹಿಂಬದಿಯಲ್ಲಿ ನೀವೇ ಭಾಗಿಸಿ ನೋಡಬೇಕೆಂದು ಕೋರುತ್ತೇನೆ.

— ಸಂಪಾದಕ